ದಿನ್ಶೋ ಊರಿನ ಫೋಟೋ

ವಿಮಾನ ನಿಲ್ದಾಣದಿಂದ ಹೊರಟ ಟ್ಯಾಕ್ಸಿ ಫ್ರೀವೇ ಸೇರುವಷ್ಟರಲ್ಲಿ ಸುಧನ್ವ ತೋಳದ ಕತೆಯನ್ನು ಅರ್ಧ ಹೇಳಿಯಾಗಿತ್ತು. ಡ್ರೈವರ್ ಕೇಳಿದ್ದು ಇಷ್ಟೇ, "ಎಲ್ಲಿಂದ ಬರ್ತಿದ್ದೀರಿ ಸರ್?" ಇಥಿಯೋಪಿಯಾ ಎಂದ ಕೂಡಲೇ ಕನ್ನಡಿಯಲ್ಲಿ ಅವನ ಮುಖ ಅರಳಿತು. "ನಮ್ಮ ದೇಶ!" ಎಂದ. ಹೆಸರು ಕೆದಿರ್, ಇರುವುದು ಓಕ್‌ಲ್ಯಾಂಡಿನಲ್ಲಿ. ಸುಧನ್ವನಿಗೆ ಹುರುಪು ಬಂತು. ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಹನ್ನೆರಡು ದಿನ ರಜೆ ಪಡೆದು, ಗೈಡ್ ಜೊತೆ ನಾಲ್ಕು ಸಾವಿರ ಮೀಟರ್ ಎತ್ತರದ ಬೆಟ್ಟ ಹತ್ತಿ, ಲೋಕದಲ್ಲಿ ಕೆಲವೇ ನೂರು ಉಳಿದಿರುವ ಕೆಂಪು ತೋಳವನ್ನು ಮೂವತ್ತು ಮೀಟರ್ ದೂರದಿಂದ ಹಿಡಿದಿದ್ದ, ಕ್ಯಾಮೆರಾದಲ್ಲಿ. ಪಕ್ಕದಲ್ಲಿ ಹೆಂಡತಿ ಸಂಯುಕ್ತಾ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು.

"ಹಾಗಾದ್ರೆ ಬಾಲೆ ಬೆಟ್ಟಕ್ಕೆ ಹೋಗಿದ್ರಿ," ಎಂದ ಕೆದಿರ್. "ದಿನ್ಶೋ ಅಂತ ಒಂದು ಊರು ಸಿಕ್ಕಿರಬೇಕಲ್ಲ?"

"ಎರಡು ರಾತ್ರಿ ಅಲ್ಲೇ ಇದ್ವಿ. ಪಾರ್ಕಿನ ಗೇಟು ಅಲ್ಲೇ ತಾನೆ ಇರೋದು?"

"ಅದು ನನ್ನ ಊರು ಸರ್."

ಸಂಯುಕ್ತಾ ಕಣ್ಣು ಬಿಟ್ಟಳು. ಸೇತುವೆಯ ಮೇಲೆ ಕೊಲ್ಲಿಯ ನೀರು ಎರಡೂ ಕಡೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಕೆದಿರ್ ರಸ್ತೆ ನೋಡಿಕೊಂಡೇ ಹೇಳಿದ. ಬಂದು ಹನ್ನೊಂದು ವರ್ಷವಾಯಿತು. ಆಶ್ರಯ ಕೇಳಿ ಹಾಕಿದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಈಗ ಊರಿಗೆ ಹೋದರೆ ತಿರುಗಿ ಬರುವ ಹಾಗಿಲ್ಲ. ಪಾರ್ಕಿನ ಗೇಟಿನ ಎದುರು ಅವನ ಅಮ್ಮನದೊಂದು ಕಾಫಿ ಅಂಗಡಿಯಿದೆ. ಅಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ. ವಿಡಿಯೋ ಬರುವುದಿಲ್ಲ, ಬರೀ ದನಿ ಕೇಳಿಸುತ್ತದೆ.

"ಫೋಟೋ ಏನಾದ್ರೂ ಇದ್ರೆ ತೋರಿಸ್ತೀರಾ? ಅಮ್ಮಂದೇ ಬೇಕು ಅಂತಿಲ್ಲ, ರಸ್ತೆದಾದ್ರೂ ಸಾಕು."

"ಯಾಕಿಲ್ಲ! ಎರಡು ಸಾವಿರ ಫೋಟೋ ಇದೆ. ಮನೆಗೆ ಹೋದ ತಕ್ಷಣ ತೋರಿಸ್ತೀನಿ," ಎಂದ ಸುಧನ್ವ ಉದಾರವಾಗಿ.

ಪ್ಲೆಸೆಂಟನ್ನಿನ ಮನೆಯ ಮುಂದೆ ಬ್ಯಾಗುಗಳನ್ನು ಇಳಿಸಿದ ಮೇಲೆ ಕೆದಿರ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ನಿಂತ. ಸುಧನ್ವ ಟ್ಯಾಬ್ಲೆಟನ್ನು ಕಾರಿನ ಬಾನೆಟ್ ಮೇಲಿಟ್ಟು ಒಂದೊಂದೇ ಫೋಟೋ ಸರಿಸತೊಡಗಿದ. ತೋಳ. ಮತ್ತೆ ತೋಳ. ಇಲಿ ಹಿಡಿದ ತೋಳ. ಹದ್ದು, ಕಾಡುಹಂದಿ, ಮರಿ ಹೊತ್ತ ಕೋತಿ. ಪ್ರತಿಯೊಂದಕ್ಕೂ ಕೆದಿರ್ "ತುಂಬಾ ಚೆನ್ನಾಗಿದೆ ಸರ್" ಎನ್ನುತ್ತಿದ್ದ. "ಇಪ್ಪತ್ತೆರಡು ವರ್ಷ ಅಲ್ಲಿದ್ದೆ. ಇಷ್ಟು ಹತ್ತಿರದಿಂದ ನಾನೇ ನೋಡಿಲ್ಲ." ನೂರು ಫೋಟೋ ಆದ ಮೇಲೆ ಮೆಲ್ಲಗೆ ಕೇಳಿದ, "ಊರು?"

ಸುಧನ್ವನ ಬೆರಳು ಚುರುಕಾಯಿತು. ಪ್ರಾಣಿಗಳು ಸರಸರನೆ ಓಡಿದವು. ಊರು ಬರಲಿಲ್ಲ.

"ಸುಧೀ," ಸಂಯುಕ್ತಾ ಕನ್ನಡದಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು, "ಆ ಗೇಟಿನ ಹತ್ರ ಒಬ್ರು ಅಜ್ಜಿ ಇದ್ರಲ್ಲ, ಬೆಂಚಿನ ಮೇಲೆ ಕೂತು ಕಾಫಿ ಬೀಜ ಹುರೀತಿದ್ರು. ನ್ಯಾಲಾ ಜಿಂಕೆ ಫೋಟೋಗೆ ಅಡ್ಡ ಬರ್ತಾರೆ ಅಂತ ಗೈಡಿಗೆ ಹೇಳಿ ಎಬ್ಬಿಸಿದೆಯಲ್ಲ. ಅವ್ರಿರೋದು ಒಂದೆರಡು ಬಂದಿತ್ತು."

"ಇತ್ತು. ಫ್ಲೈಟಲ್ಲಿ ಅಳಿಸಿಬಿಟ್ಟೆ."

"ಎಲ್ಲಾನೂ?"

"ಜನ ಇರೋದು, ಕರೆಂಟ್ ವೈರ್ ಇರೋದು, ತಗಡಿನ ಮನೆ ಇರೋದು, ಎಲ್ಲಾ. ನೀನೇ ತಾನೆ ಪಕ್ಕದಲ್ಲಿ ಕೂತು ಇದು ಬೇಡ, ಅದು ಬೇಡ ಅಂತಿದ್ದಿದ್ದು?"

ಸಂಯುಕ್ತಾ ಟ್ಯಾಬ್ಲೆಟಿನಿಂದ ಮುಖ ತಿರುಗಿಸಿದಳು. ಹೌದು, ವಿಮಾನದಲ್ಲಿ ಹೊತ್ತು ಹೋಗದೆ ಅವಳೂ ಆ ಕೆಲಸಕ್ಕೆ ಕೂತಿದ್ದಳು.

ಕನ್ನಡದ ನಡುವೆ ಕೆದಿರ್ ಹಿಡಿದುಕೊಂಡದ್ದು ಒಂದೇ ಮಾತು. "ನ್ಯಾಲಾ ಇದೆಯಾ?" ಎಂದ. ಅದಿತ್ತು. ಕಡವೆಯಷ್ಟು ದೊಡ್ಡದು, ಸುರುಳಿ ಕೊಂಬು, ಹೆಮ್ಮೆಯ ನಿಲುವು. ಸುಧನ್ವ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದ ಫೋಟೋ. "ಹಿಂದೆ ಕಾಡಿನ ಹಸಿರು ಹೇಗೆ ಬಂದಿದೆ ನೋಡಿ," ಎಂದ.

ಕೆದಿರ್ ಬಗ್ಗಿ ನೋಡಿದ. ಎರಡು ಬೆರಳಿಟ್ಟು ದೊಡ್ಡದು ಮಾಡಿದ. ನ್ಯಾಲಾ ಪರದೆಯಿಂದ ಆಚೆ ಸರಿದುಹೋಗಿ, ನೇರ ಅಂಚಿನ, ಮಸುಕು ಮಸುಕಾದ ಹಸಿರು ಮಾತ್ರ ಉಳಿಯಿತು.

"ಕಾಡಲ್ಲ ಸರ್, ಇದು ನಮ್ಮ ಅಂಗಡಿ ಬಾಗಿಲು," ಎಂದ. "ನಾನಿದ್ದಾಗ ನೀಲಿ ಇತ್ತು. ಹಸಿರು ಬಳಿಸಿದೀನಿ ಅಂತ ಅಮ್ಮ ಫೋನಲ್ಲಿ ಹೇಳಿದ್ದಳು."

ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಫೋನ್ ತೆಗೆದು ಕರೆ ಮಾಡಿದ. ಅಲ್ಲಿ ಈಗ ಸಂಜೆ ಏಳು, ಅಂಗಡಿ ಮುಚ್ಚುವ ಹೊತ್ತು ಎಂದ. ಸ್ಪೀಕರಿನಲ್ಲಿ ಒಬ್ಬ ಮುದುಕಿಯ ದನಿ ಕೇಳಿಸಿತು. ಅವನು ತನ್ನ ಭಾಷೆಯಲ್ಲಿ ಗಡಿಬಿಡಿಯಿಂದ ಏನೇನೋ ಹೇಳಿದ. ಆಕೆ ಜೋರಾಗಿ ನಕ್ಕಳು, ಅವನೂ ನಕ್ಕ. ಆಕೆ ನಗುತ್ತಲೇ ಉದ್ದಕ್ಕೆ ಮಾತಾಡಿದಳು. ಕೇಳುತ್ತ ಕೇಳುತ್ತ ಕೆದಿರನ ನಗು ನಿಂತಿತು. ಸುಧನ್ವನ ಹೆಗಲಲ್ಲಿದ್ದ ಕ್ಯಾಮೆರಾ ಬ್ಯಾಗನ್ನು ಒಮ್ಮೆ ನೋಡಿದ.

"ಏನಂತೆ?" ಸುಧನ್ವ ಕೇಳಿದ.

"ಉದ್ದ ಲೆನ್ಸಿನವರು ತಾನೆ, ನೆನಪಿದೆ ಅಂದಳು."

ಸಂಯುಕ್ತಾ ಮನೆಯ ಬೀಗದ ಕೈ ಹುಡುಕುವವಳಂತೆ ಚೀಲದೊಳಕ್ಕೆ ಕೈ ಹಾಕಿದಳು. ಫೋನಿನಲ್ಲಿ ಮುದುಕಿ ಮತ್ತೇನೋ ಕೇಳಿದಳು, ಉತ್ತರಕ್ಕೆ ಕಾದಳು.

"ಅಮ್ಮ ಕೇಳ್ತಿದ್ದಾಳೆ," ಎಂದ ಕೆದಿರ್, "ತಾನು ಎದ್ದು ಆಚೆ ಹೋದ ಮೇಲೆ ನ್ಯಾಲಾ ಚೆನ್ನಾಗಿ ಬಂತಾ ಅಂತ."