ಬಲಗೈಯ ಅಭ್ಯಾಸ

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ಪಾರ್ಶ್ವವಾಯು ಬಡಿದು, ಅವರೀಗ ಅದೇ ಆಸ್ಪತ್ರೆಯ ರೋಗಿಯಾಗಿದ್ದರು. ಸ್ವಾಧೀನ ತಪ್ಪಿದ ಬಲಗೈಗೆ ಮತ್ತೆ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅಲ್ಲಿ ಉಳಿದಿದ್ದವಳು ಒಬ್ಬಳೇ. ಇನ್ನಿಬ್ಬರು ಒತ್ತಡ ತಾಳಲಾರದೆ ಕೆಲಸ ಬಿಟ್ಟಿದ್ದರು. ಆಗ ಆ ಜಾಗಗಳಿಗೆ ಯಾರನ್ನೂ ತೆಗೆದುಕೊಳ್ಳದೆ, ‘ನಗುತ್ತಾ ದುಡಿದರೆ ಒತ್ತಡವಿಲ್ಲ’ ಎಂದು ಗೋಡೆಗೆ ಬೋರ್ಡು ಹಾಕಿಸಿದವರು ಈ ಅಧಿಕಾರಿಗಳೇ.

ಎರಡು ತಿಂಗಳು ಆಕೆ ಮಣಿ ಪೋಣಿಸಲು ಕೊಟ್ಟಳು, ಅಂಗಿಯ ಗುಂಡಿ ಹಾಕಿಸಿದಳು. ಬೆರಳುಗಳು ಮಡಚಿಕೊಳ್ಳಲೇ ಇಲ್ಲ.

“ಇವರು ಮೊದಲಿನ ಥರ ಆದ್ರೆ ಸಾಕು ಮೇಡಂ,” ಎಂದರು ಅವರ ಹೆಂಡತಿ.

“ಹಾಗಾದ್ರೆ ಆಫೀಸಲ್ಲಿ ದಿನಾ ಮಾಡ್ತಿದ್ದ ಕೆಲಸಾನೇ ಮಾಡಿಸೋಣ. ರೂಢಿ ಇರೋ ಕೆಲಸ ಕೈಗೆ ಬೇಗ ನೆನಪಾಗುತ್ತೆ.”

ಆಕೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ಅವರ ಮುಂದಿಟ್ಟಳು. ಹತ್ತು ದಿನದ ರಜೆ ಕೇಳಿ ತಾನೇ ಬರೆದಿದ್ದ ಅರ್ಜಿ.

“ಸುಮ್ನೆ ಪ್ರಾಕ್ಟೀಸ್‌ಗೆ ಸರ್. ಕೆಳಗೆ ಒಂದು ಸೈನ್ ಮಾಡಿ.”

“ಮಾಡ್ರೀ, ಪಾಪ,” ಎಂದರು ಹೆಂಡತಿ.

ಅವರು ನಿಧಾನವಾಗಿ ಓದಿದರು. ಹುಬ್ಬು ಗಂಟಿಕ್ಕಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಪೆನ್ನನ್ನು ಬಿಗಿಯಾಗಿ ಹಿಡಿದವು. ಸಹಿಯಷ್ಟೇ ಅಲ್ಲ, ಅದರ ಮೇಲೆ ಎರಡು ಸಾಲನ್ನೂ ಬರೆದರು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅದೇ ಅಕ್ಷರ ಮೇಡಂ. ನಂಗೆ ಕನ್ನಡಕ ಇಲ್ಲ, ಏನು ಬರೆದಿದ್ದಾರೆ ಓದಿ.”

ಆಕೆ ಓದಿದಳು: “ಸಿಬ್ಬಂದಿ ಕೊರತೆ ಇರುವುದರಿಂದ ರಜೆ ನಿರಾಕರಿಸಲಾಗಿದೆ. ಗೋಡೆಯ ಮೇಲಿನ ಬೋರ್ಡನ್ನು ಗಮನಿಸತಕ್ಕದ್ದು.”