ಕಂಬಕ್ಕೆ ಹಚ್ಚುವ ವಿಭೂತಿ

ನೆನೆದ ಸಾಗವಾನಿಯ ವಾಸನೆ ಬಂದರೆ ಈಗಲೂ ಖಾನಾಪುರದ ನಮ್ಮ ಮನೆಯ ಒಂದು ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಸುಣ್ಣದ ಗಾರೆಯ ಇಟ್ಟಿಗೆ ಗೋಡೆಯಲ್ಲಿ ನಿಂತ ಸಾಗವಾನಿ ಕಂಬಕ್ಕೆ ಅಜ್ಜಿ ಪ್ರತಿ ಸೋಮವಾರ ವಿಭೂತಿ ಹಚ್ಚುತ್ತಿದ್ದಳು. ಗೋಡೆ ಉದುರುತ್ತದೆಂದು ಅಪ್ಪ ಕಂಬವೂ ಮುಚ್ಚುವಂತೆ ಸಿಮೆಂಟಿನ ಗಿಲಾವು ಮಾಡಿಸಿದ. "ಕಂಬಕ್ಕ ಗಾಳಿ ಬೇಕೋ," ಎಂದ ಅಜ್ಜಿಯ ಮಾತು ಕೇಳಲಿಲ್ಲ. ಆಮೇಲೆ ಅಜ್ಜಿ ಕಂಬ ಇದ್ದ ಜಾಗವನ್ನು ಅಂದಾಜಿನಿಂದ ಹುಡುಕಿ ಸಿಮೆಂಟಿಗೇ ವಿಭೂತಿ ಹಚ್ಚತೊಡಗಿದಳು.

ಕೆಲವು ವರ್ಷಗಳ ಮೇಲೆ ಆ ಕಂಬ ಹೊತ್ತಿದ್ದ ಅಟ್ಟ ಜಗ್ಗಿದಾಗ ಅಪ್ಪ ಆ ಗಿಲಾವನ್ನು ತಾನೇ ಒಡೆದ. ಒಳಗೇ ತೇವ ನಿಂತು ಕೊಳೆತ ಕಂಬದ ಬುಡ ನೆನೆದ ಬೂಸಾದಂತೆ ಅವನ ಮುಷ್ಟಿಗೆ ಬಂತು.

"ಛಲೋ ಆಗ್ಲಿ ಅಂತನ ಮಾಡಿದ್ಯಪಾ," ಎಂದಳು ಅಜ್ಜಿ. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ.

ಬಡಿಗ ಅಟ್ಟಕ್ಕೆ ಆನಿಕೆ ಕೊಟ್ಟು, ಕೊಳೆತದ್ದನ್ನು ಕೊಯ್ದು, ಹೊಸ ಬುಡ ಜೋಡಿಸಿದ. ಅಜ್ಜಿ ವಿಭೂತಿಯನ್ನು ಅಪ್ಪನ ಮುಂದೆ ಹಿಡಿದಳು. "ಈ ಸಲ ನೀನ ಹಚ್ಚು."

ಅಪ್ಪ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ. ಅಂಗೈ ನೋಡಿಕೊಂಡು ಮತ್ತೆ ತೊಳೆಯಲು ಹೋದ. ಕೊನೆಗೆ ವಿಭೂತಿಯನ್ನು ನನ್ನ ಕೈಗಿಟ್ಟ.

"ನೀ ಹಚ್ಚವಾ," ಎಂದವನು, ನಾನು ಹಚ್ಚಿ ಮುಗಿಸುವವರೆಗೂ ಕಂಬದ ಕಡೆ ತಿರುಗಲಿಲ್ಲ.