ಟೀಚರ ಅಮ್ಮನ ಗೆಜ್ಜೆ

ಶಿವಮೊಗ್ಗದ ನನ್ನ ನೃತ್ಯ ತರಗತಿಯಲ್ಲಿ ಮಕ್ಕಳು ಗೆಜ್ಜೆ ಬಿಚ್ಚುವಾಗ ಬೆವರು ಬೆರೆತ ಹಿತ್ತಾಳೆಯ ವಾಸನೆ ಬಂದರೆ, ಈಗಲೂ ಭದ್ರಾವತಿಯ ಕಾಗದನಗರದ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಚಿಕ್ಕವಳಾಗಿದ್ದ ನನಗಿನ್ನೂ ಸ್ವಂತ ಗೆಜ್ಜೆ ಇರಲಿಲ್ಲ. ಡ್ಯಾನ್ಸ್ ಟೀಚರ್ ತಮ್ಮ ಟ್ರಂಕಿನಿಂದ ಹಳೆಯ ಜೊತೆಯೊಂದನ್ನು ತೆಗೆದು ನನ್ನ ಕಾಲಿಗೆ ಕಟ್ಟಿದ್ದರು. ಹಗ್ಗ ಒರಟಾಗಿ ಚುಚ್ಚುತ್ತಿತ್ತು. ನನ್ನನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದರು: “ನೀವು ಯಾರ ಹತ್ರ ಕಲ್ತಿದ್ದು?”

“ನಮ್ಮಮ್ಮನ ಹತ್ರ. ನಾಟಕ ಕಂಪನೀಲಿ ಕುಣೀತಿದ್ರು. ಇವಳ ಕಾಲಲ್ಲಿರೋದು ಅವರದೇ ಗೆಜ್ಜೆ.”

ತಾಳ ಹಾಕುತ್ತಿದ್ದ ಟೀಚರ ಕೋಲು ಮಣೆಯ ಮೇಲೆ ನಿಂತಿತು. ಅಜ್ಜಿಯ ಮುಖ ಬಿಗಿದುಕೊಂಡಿತ್ತು.

“ಕಂಪನಿಯವಳ ಗೆಜ್ಜೆ ನಮ್ಮನೆ ಹುಡುಗಿ ಕಾಲಿಗಾ? ಬಿಚ್ಚೇ ಅದನ್ನ!”

ನಾನು ಹಗ್ಗದ ತಪ್ಪು ತುದಿ ಎಳೆದೆ, ಗಂಟು ಇನ್ನಷ್ಟು ಬಿಗಿಯಾಯಿತು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕುಕ್ಕರಗಾಲಲ್ಲಿ ಕೂತು, ತಾವೇ ಎಳೆದೆಳೆದು ಬಿಚ್ಚತೊಡಗಿದರು. ಉಳಿದ ಮಕ್ಕಳು ಗೋಡೆಗೆ ಅಂಟಿ ನಿಂತಿದ್ದರು.

ಎರಡನೇ ಕಾಲಿನ ಗಂಟೂ ಬಿಟ್ಟಿತು. ಗೆಜ್ಜೆ ಕೈತಪ್ಪಿ ಝಲ್ಲೆಂದು ಅಜ್ಜಿಯ ಪಾದದ ಮೇಲೆಯೇ ಬಿತ್ತು. ಪುಸ್ತಕಕ್ಕೆ ಕಾಲು ತಗುಲಿದಾಗ ಮಾಡುವಂತೆ, ಅವರು ತಟ್ಟನೆ ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಆ ಕೈ ಅಲ್ಲೇ ನಿಂತುಬಿಟ್ಟಿತು.

ಟೀಚರ್ ಎರಡೂ ಕೈ ಒಡ್ಡಿದರು. ಅಜ್ಜಿ ಅವರ ಮುಖ ನೋಡದೆ ಎರಡೂ ಗೆಜ್ಜೆಯನ್ನು ಮೆಲ್ಲನೆ ಆ ಕೈಗಳಲ್ಲಿಟ್ಟರು. ನನ್ನ ರಟ್ಟೆ ಹಿಡಿದು ಹೊರಗೆ ಬಂದವರು ಗೇಟಿನ ಹತ್ತಿರ ನಿಂತು, ತಿರುಗದೆಯೇ ಹೇಳಿದರು:

“ನಾಳೆ ಇಷ್ಟು ಬಿಗಿಯಾಗಿ ಕಟ್ಟಬೇಡಿ. ಮಗು ಕಾಲು ನೋಯತ್ತೆ.”